ಪ್ರೊಸೆಸರಿನ ವೇಗ ಹೆಚ್ಚಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರ್ ಅಥವಾ ರ‍್ಯಾಮನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದರ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುತ್ತಿರುವವರದು. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳನ್ನು ನೀವು ಅದನ್ನು ಓದಿರುವಿರಿ ಎಂದು ಭಾವಿಸಿ ಬರೆಯಲಾಗಿದೆ.

ಪ್ರಶ್ನೆ: ಮಾನ್ಯರೆ, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಮನೆಯಲ್ಲಿರುವ ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಎಎಂಡಿ ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್ ಹಾಗೂ ಪ್ರೊಸೆಸರಿನ ಡಬ್ಬಿಯಲ್ಲೇ ಬಂದ ಕೂಲರ್ ಇವೆ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟಕ್ಕೆ) ಹೋಗಿ ವೇಗವನ್ನು 4.6 ಗಿಗಾಹರ್ಟ್ಸ್‌ಗೆ, ವೋಲ್ಟೇಜನ್ನು 1.4ಕ್ಕೆ ಇಟ್ಟರೆ ಸಾಕು ಎಂದು ಗೆಳೆಯರು ಹೇಳುತ್ತಾರೆ. ಅಪ್ಪ ಕಷ್ಟಪಟ್ಟು ಕೊಡಿಸಿದ ಯಂತ್ರ ಸುಟ್ಟುಹೋದೀತೆಂಬ ಭಯವಿದೆ. ಇದನ್ನು ಸುರಕ್ಷಿತವಾಗಿ ಕಲಿಯುವುದು ಹೇಗೆ?
— ರಾಯಚೂರಿನ ವಿದ್ಯಾರ್ಥಿ

ಉತ್ತರ: ಗೆಳೆಯರು ಹೇಳಿದ ಆ ಎರಡು ಅಂಕಿಗಳನ್ನು ದಯವಿಟ್ಟು ಹಾಕಬೇಡಿ. ಅವು ಬೇರೆ ಯಾರದೋ ಪ್ರೊಸೆಸರಿಗೆ, ಬೇರೆ ಯಾವುದೋ ಕೂಲರಿಗೆ ಹೊಂದಿದ ಅಂಕಿಗಳು. ಒಂದೇ ಗೊನೆಯ ಎಳನೀರಿನಲ್ಲೂ ಒಂದೊಂದು ಕಾಯಿಯ ರುಚಿ ಒಂದೊಂದು ಬಗೆಯಾಗಿರುವಂತೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಎರಡು ಚಿಪ್‌ಗಳೂ ಒಂದೇ ವೇಗಕ್ಕೆ ಬೇರೆ ಬೇರೆ ವೋಲ್ಟೇಜ್ ಕೇಳುತ್ತವೆ. ಆದ್ದರಿಂದ ಈ ವಿದ್ಯೆಯಲ್ಲಿ ಎರವಲು ಅಂಕಿಗೆ ಬೆಲೆಯಿಲ್ಲ; ನಿಮ್ಮ ಯಂತ್ರದಲ್ಲಿ ನೀವೇ ಅಳೆದು ಬರೆದುಕೊಂಡ ಅಂಕಿಗೆ ಮಾತ್ರ ಬೆಲೆ.

ಸುಡುವ ಭಯದ ವಿಷಯವನ್ನು ಮೊದಲು ಬಗೆಹರಿಸೋಣ. ಪ್ರೊಸೆಸರಿನ ವೇಗವೆಂದರೆ ಮೂಲ ಗಡಿಯಾರದ 100 ಮೆಗಾಹರ್ಟ್ಸನ್ನು ಒಂದು ಗುಣಕದಿಂದ ಗುಣಿಸಿದ ಮೊತ್ತ. ಗುಣಕ 44 ಆದರೆ 4.4 ಗಿಗಾಹರ್ಟ್ಸ್, ಮತ್ತು ನಿಮ್ಮ ಪ್ರೊಸೆಸರಿಗೆ ತಯಾರಕರು ಘೋಷಿಸಿರುವ ಗರಿಷ್ಠ ಬೂಸ್ಟ್ ವೇಗವೂ (ಅಗತ್ಯ ಬಿದ್ದಾಗ ತಾನಾಗಿ ಏರುವ ವೇಗ) ಅದೇ. ಗುಣಕವನ್ನು ಮಾತ್ರ ಅತಿಯಾಗಿ ಏರಿಸಿದರೆ ಟ್ರಾನ್ಸಿಸ್ಟರುಗಳಿಗೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗಲು ಸಮಯ ಸಾಲದೆ ಲೆಕ್ಕ ತಪ್ಪುತ್ತದೆ, ಯಂತ್ರ ಹ್ಯಾಂಗ್ ಆಗುತ್ತದೆ ಅಥವಾ ತಾನೇ ರೀಸ್ಟಾರ್ಟ್ ಆಗುತ್ತದೆ, ಹಾರ್ಡ್‌ವೇರ್ ಕೆಡುವುದಿಲ್ಲ. ಉಷ್ಣತೆ ಮಿತಿ ಮೀರಿದರೂ ತಕ್ಷಣ ಅನಾಹುತವಾಗದು, ಏಕೆಂದರೆ 5600ಕ್ಕೆ ನಿಗದಿಯಾದ 90 ಡಿಗ್ರಿ ಸೆಲ್ಸಿಯಸ್ ತಲುಪಿದೊಡನೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಯಂತ್ರ ಆಫ್ ಆಗುತ್ತದೆ. ನಿಜವಾಗಿ ಭಯಪಡಬೇಕಾದದ್ದು ವೋಲ್ಟೇಜಿಗೆ. ಹೆಚ್ಚಿನ ವೋಲ್ಟೇಜ್, ಹೆಚ್ಚಿನ ಕರೆಂಟ್ ಹಾಗೂ ಶಾಖ ಒಟ್ಟಾಗಿ ಚಿಪ್ಪಿನೊಳಗಿನ ಅತಿಸೂಕ್ಷ್ಮ ಲೋಹದ ತಂತಿಗಳನ್ನು, ನಿರೋಧಕ ಪದರಗಳನ್ನು ನಿಧಾನವಾಗಿ ಸವೆಸುತ್ತವೆ. ಹೊಗೆಯಿಲ್ಲ, ವಾಸನೆಯಿಲ್ಲ. ಇಂದು ಸರಿಯಾಗಿ ಓಡಿದ ವೇಗ ಆರೇಳು ತಿಂಗಳ ನಂತರ ಅದೇ ವೋಲ್ಟೇಜಿನಲ್ಲಿ ಓಡದೆ ಮುಗ್ಗರಿಸುತ್ತದೆ, ಆಗ ಹಿಂತಿರುಗುವ ದಾರಿ ಇರುವುದಿಲ್ಲ.

1.4 ಎಂಬ ಅಂಕಿ ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು, ಏಕೆಂದರೆ ಹೊಸಬರನ್ನು ಇದು ಸದಾ ದಾರಿ ತಪ್ಪಿಸುತ್ತದೆ. ಬ್ರೌಸರ್ ತೆರೆಯುವಂತಹ ಹಗುರ ಕೆಲಸದಲ್ಲಿ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಆರು ಘಟಕಗಳಲ್ಲಿ, ಅಂದರೆ ಕೋರ್‌ಗಳಲ್ಲಿ, ಒಂದೇ ಎಚ್ಚರವಿದ್ದಾಗ ರೈಜೆನ್ ತಾನಾಗಿಯೇ ಕ್ಷಣಮಾತ್ರ 1.4 ವೋಲ್ಟನ್ನು ದಾಟುವುದುಂಟು, ಅದನ್ನು ಪರದೆಯ ಮೇಲೆ ಕಂಡವರು ಅಷ್ಟು ವೋಲ್ಟೇಜ್ ಸುರಕ್ಷಿತವೆಂದು ತಿಳಿದು ಆರೂ ಕೋರ್‌ಗಳಿಗೆ ಸದಾಕಾಲಕ್ಕೆ ಅದನ್ನೇ ಕಟ್ಟಿಬಿಡುತ್ತಾರೆ. ಹಗುರ ಕೆಲಸದಲ್ಲಿ ಹರಿಯುವ ಕರೆಂಟ್ ಅಲ್ಪ. ಆರೂ ಕೋರ್‌ಗಳು ದುಡಿಯುವಾಗ ಅದು ಹಲವು ಪಟ್ಟು. ಅದೇ ವೋಲ್ಟೇಜ್ ಎರಡೂ ಸಂದರ್ಭಗಳಲ್ಲಿ ಒಂದೇ ಪರಿಣಾಮ ಮಾಡುವುದಿಲ್ಲ. ಇನ್ನೊಂದು ಸರಳ ಲೆಕ್ಕ: ಚಿಪ್ ಬಳಸುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗವನ್ನು ಶೇ 10, ವೋಲ್ಟೇಜನ್ನು ಶೇ 10 ಏರಿಸಿದರೆ ಬಳಕೆ ಏರುವುದು ಸುಮಾರು ಶೇ 33. ಅಷ್ಟೂ ಶಾಖವನ್ನು ಆ ಪುಟ್ಟ ಕೂಲರ್ ಹೊರಹಾಕಬೇಕು.

ಇನ್ನು ಕೆಲಸಕ್ಕೆ ಬರೋಣ. ಮೊದಲ ವಾರ ಏನನ್ನೂ ಬದಲಾಯಿಸದೆ ಬರೀ ಅಳೆಯಿರಿ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶವನ್ನು ತೆರೆದಿಟ್ಟು, ಸಿನೆಬೆಂಚ್ ಆರ್23 ಪರೀಕ್ಷೆಯನ್ನು ಎಲ್ಲ ಕೋರ್‌ಗಳ ಮೇಲೆ 10 ನಿಮಿಷ ಓಡಿಸಿ, ಅಂಕ, ಗರಿಷ್ಠ ಉಷ್ಣತೆ, ಪ್ರೊಸೆಸರ್ ಬಳಸಿದ ವ್ಯಾಟ್ ಮತ್ತು 'ಎಫೆಕ್ಟಿವ್ ಕ್ಲಾಕ್' (ನಿಜವಾಗಿ ಸಿಕ್ಕ ವೇಗ) ಎಂಬ ಸಾಲಿನ ಸರಾಸರಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಜೊತೆಗೆ ಕೋಣೆಯ ಉಷ್ಣತೆಯನ್ನು ತಪ್ಪದೆ ಬರೆಯಿರಿ. ರಾಯಚೂರಿನವರಾದ ನಿಮಗೆ ಇದನ್ನು ಒತ್ತಿ ಹೇಳುತ್ತೇನೆ: ಕೂಲರ್ ಎಷ್ಟೇ ಒಳ್ಳೆಯದಾದರೂ ಅದು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು, ಮತ್ತು ಅದೇ ಕೆಲಸಕ್ಕೆ ಗಾಳಿಗೂ ಚಿಪ್ಪಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಡಿಸೆಂಬರಿನಲ್ಲಿ 26 ಡಿಗ್ರಿಯ ಕೋಣೆಯಲ್ಲಿ 74 ತೋರಿಸಿದ ಪ್ರೊಸೆಸರ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ 88ರ ಸುತ್ತ ನಿಂತಿರುತ್ತದೆ. ಚಳಿಗಾಲದಲ್ಲಿ ಹೊಂದಿಸುವವರು ಬೇಸಗೆಯ ಈ 14 ಡಿಗ್ರಿಯನ್ನು ಮೊದಲೇ ಮೀಸಲಿಡಬೇಕು.

ಕ್ಯಾಬಿನೆಟ್ಟಿನ ಧೂಳು ತೆಗೆಯಿರಿ. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹಳೆಯದಾಗಿದ್ದರೆ ಬದಲಿಸಿ. ಆದರೆ ಇಲ್ಲೊಂದು ಅಪಾಯವಿದೆ, ಓವರ್‌ಕ್ಲಾಕಿಂಗಿಗಿಂತ ಇದರಿಂದ ಪ್ರೊಸೆಸರ್ ಕಳೆದುಕೊಂಡವರೇ ಹೆಚ್ಚೇನೋ ಎಂದು ನನಗೆ ಅನಿಸುತ್ತದೆ. ನಿಮ್ಮದರಂತೆ ಎಎಂ4 ಸಾಕೆಟ್ಟಿಗೆ ಕೂರುವ ಪ್ರೊಸೆಸರುಗಳ ಅಡಿಯಲ್ಲಿ 1331 ಸಣ್ಣ ಪಿನ್ನುಗಳಿರುತ್ತವೆ, ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದರೆ, ಸಾಕೆಟ್ಟಿನ ಸನ್ನೆ ಮುಚ್ಚಿಯೇ ಇದ್ದರೂ ಪ್ರೊಸೆಸರ್ ಕಿತ್ತುಕೊಂಡು ಬಂದು ಪಿನ್ನುಗಳು ಬಾಗುತ್ತವೆ. ಆದ್ದರಿಂದ ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟನ್ನು ಬೆಚ್ಚಗಾಗಿಸಿ, ಯಂತ್ರವನ್ನು ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂಗಳನ್ನು ಕರ್ಣಾಕಾರವಾಗಿ ಒಂದಾದ ಮೇಲೊಂದು ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಹಿಡಿತ ಬಿಟ್ಟ ಮೇಲಷ್ಟೇ ಎತ್ತಿರಿ.

ಅನಂತರ ರ‍್ಯಾಮ್ ನೋಡಿ. ಡಬ್ಬಿಯ ಮೇಲೆ 3200 ಎಂದಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಡಬ್ಬಿಯ ಮೇಲಿನ ವೇಗವನ್ನು ಜಾರಿಗೆ ತರುವ ಆಯ್ಕೆ) ಆನ್ ಮಾಡದಿದ್ದರೆ ಅಂತಹ ಬಹಳಷ್ಟು ರ‍್ಯಾಮ್‌ಗಳು 2133, 2400 ಅಥವಾ 2666ರಲ್ಲಿ ಓಡುತ್ತಿರುತ್ತವೆ, ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗವನ್ನು ನೋಡಬಹುದು. ಎರಡು ರ‍್ಯಾಮ್‌ಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಇರುವುದು ವಾಡಿಕೆ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅದನ್ನು ಖಚಿತಪಡಿಸಿಕೊಳ್ಳಿ. 5600ಕ್ಕೆ 3200 ಎಂಬುದು ಎಎಂಡಿ ಒಪ್ಪಿರುವ ವೇಗವೇ, ಹಾಗಾಗಿ ನಿಮಗೆ ಸಿಗುವ ಅತಿ ದೊಡ್ಡ, ಅತಿ ಕಡಿಮೆ ಅಪಾಯದ ಲಾಭ ಬಹುಶಃ ಇದೊಂದೇ ಸ್ವಿಚ್ಚಿನಲ್ಲಿದೆ.

ಇದಾದ ಬಳಿಕ ಪ್ರೊಸೆಸರ್. ನಿಮ್ಮದಕ್ಕೆ ಎಲ್ಲ ಕೋರ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಹಳೆಯ ಪದ್ಧತಿಯನ್ನು ನಾನು ಹೇಳುವುದಿಲ್ಲ. 4.3ಕ್ಕೆ ಕಟ್ಟಿದರೆ ಒಂದೇ ಕೋರ್ ಬಳಸುವ ಕೆಲಸಗಳಲ್ಲಿ ತಾನಾಗಿ ಸಿಗುತ್ತಿದ್ದ 4.4 ಕೈತಪ್ಪುತ್ತದೆ. ಬಯಾಸ್‌ನ ಪಿಬಿಒ (ಎಎಂಡಿಯ ಬೂಸ್ಟ್ ಹೊಂದಿಸುವ) ವಿಭಾಗದಲ್ಲಿ 'ಕರ್ವ್ ಆಪ್ಟಿಮೈಜರ್' ಎಂಬ ಆಯ್ಕೆಯಿದೆ (ಕಾಣದಿದ್ದರೆ ಬಯಾಸ್ ಹಳೆಯದಾಗಿರಬಹುದು, ಯುಪಿಎಸ್ ಇಲ್ಲದೆ ಅಪ್‌ಡೇಟ್ ಮಾಡಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೆ ಹೋಗಬಹುದು). ಇದು ಪ್ರತಿ ವೇಗಕ್ಕೂ ಚಿಪ್ ಕೇಳುವ ವೋಲ್ಟೇಜನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಒಂದು ಅಂಕಕ್ಕೆ ಸುಮಾರು 3ರಿಂದ 5 ಮಿಲಿವೋಲ್ಟ್. ವೋಲ್ಟೇಜ್ ಇಳಿದರೆ ಶಾಖ ಇಳಿಯುತ್ತದೆ, ಶಾಖ ಇಳಿದರೆ ಅದೇ ಮಿತಿಯೊಳಗೆ ಪ್ರೊಸೆಸರ್ ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. ವೋಲ್ಟೇಜ್ ಏರಿಸದೆಯೇ ವೇಗ ಪಡೆಯುವ ಈ ದಾರಿಯೇ ಕಲಿಯುವವರಿಗೆ ಸರಿಯಾದ ಬಾಗಿಲು ಎಂಬುದು ನನ್ನ ದೃಢ ಅಭಿಪ್ರಾಯ.

ಎಲ್ಲ ಕೋರ್‌ಗಳಿಗೆ ಋಣ 10ರಿಂದ ಆರಂಭಿಸಿ, ಸರಿಯಿದ್ದರೆ 15, ಅನಂತರ 20. ಒಂದು ಬಾರಿಗೆ ಒಂದೇ ಬದಲಾವಣೆ, ಪ್ರತಿ ಬಾರಿಯೂ ಹಳೆಯ ಅಳತೆಗಳನ್ನು ಮರಳಿ ತೆಗೆದು ಹೋಲಿಕೆ. ಇಲ್ಲಿ ಎರಡು ಬಲೆಗಳಿವೆ. ಭಾರದ ಕೆಲಸದಲ್ಲಿ ಗಂಟೆಗಟ್ಟಲೆ ನಿಂತ ಯಂತ್ರ, ಯಾರೂ ಮುಟ್ಟದೆ ಸುಮ್ಮನಿರುವಾಗ ಅಥವಾ ಸ್ಲೀಪ್‌ನಿಂದ ಏಳುವಾಗ ರೀಸ್ಟಾರ್ಟ್ ಆಗಬಹುದು, ಏಕೆಂದರೆ ಒಂದೇ ಕೋರ್ ಗರಿಷ್ಠ ವೇಗಕ್ಕೆ ಜಿಗಿಯುವ ಕ್ಷಣವೇ ಕಡಿಮೆ ವೋಲ್ಟೇಜಿಗೆ ಕಠಿಣ ಪರೀಕ್ಷೆ. ಆದ್ದರಿಂದ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುವ ಕೋರ್‌ಸೈಕ್ಲರನ್ನು ರಾತ್ರಿಯಿಡೀ ಓಡಿಸಿ, ಎಡವಿದ ಕೋರಿಗೆ ಮಾತ್ರ ಅಂಕವನ್ನು 5ರಷ್ಟು ಹಿಂದಕ್ಕೆ ತನ್ನಿ. ಎರಡನೆಯದು, ವೋಲ್ಟೇಜ್ ಸಾಲದಾಗ ರೈಜೆನ್ ಕೆಲವೊಮ್ಮೆ ಹ್ಯಾಂಗ್ ಆಗದೆ ಗಡಿಯಾರದ ಬಡಿತವನ್ನು ಒಳಗೊಳಗೇ ಹಿಗ್ಗಿಸುತ್ತದೆ. ಪರದೆಯ ಮೇಲೆ 4.4 ಎಂದೇ ಇರುತ್ತದೆ, ಸಿನೆಬೆಂಚಿನ ಅಂಕ ಮಾತ್ರ ಮೊದಲಿಗಿಂತ ಕಡಿಮೆಯಾಗಿರುತ್ತದೆ. ಎಫೆಕ್ಟಿವ್ ಕ್ಲಾಕ್ ಬರೆದುಕೊಳ್ಳಲು ಹೇಳಿದ್ದು ಇದಕ್ಕಾಗಿಯೇ.

ಇದೆಲ್ಲ ಸ್ಥಿರವಾದ ಮೇಲೆ ಬೂಸ್ಟ್ ಮಿತಿಯನ್ನು 50 ಮೆಗಾಹರ್ಟ್ಸ್ ಏರಿಸಿ ನೋಡಬಹುದು, ಹೆಚ್ಚೆಂದರೆ 200ರವರೆಗೆ ಆ ಆಯ್ಕೆ ಹೋಗುತ್ತದೆ. ವಿದ್ಯುತ್ ಮಿತಿಯನ್ನು, ಅಂದರೆ ನಿಮ್ಮ ಪ್ರೊಸೆಸರಿಗಿರುವ 76 ವ್ಯಾಟನ್ನು, ಈಗಿರುವ ಕೂಲರಿನೊಂದಿಗೆ ಏರಿಸಬೇಡಿ. ಲಾಭದ ಲೆಕ್ಕವನ್ನು ಮುಚ್ಚಿಡುವುದಿಲ್ಲ: 4.4ಕ್ಕೆ 200 ಮೆಗಾಹರ್ಟ್ಸ್ ಸೇರಿದರೂ ಅದು ಶೇ 4.5ರಷ್ಟು. ಹಣ ಹಾಕುವುದೇ ಆದರೆ ಮೊದಲು ಒಂದು ಒಳ್ಳೆಯ ಟವರ್ ಕೂಲರಿಗೆ ಹಾಕಿ. ವಾರಂಟಿ ಅವಧಿ ಉಳಿದಿದ್ದರೆ ಒಂದು ಮಾತು ನೆನಪಿರಲಿ: ತಾನೇ ಕೊಟ್ಟ ಆಯ್ಕೆಗಳಿಂದ ಮಾಡಿದರೂ ನಿಗದಿತ ಮಿತಿ ಮೀರಿದ ಓವರ್‌ಕ್ಲಾಕಿಂಗ್ ವಾರಂಟಿಯನ್ನು ರದ್ದುಪಡಿಸುತ್ತದೆ ಎಂದು ಎಎಂಡಿ ಸ್ಪಷ್ಟವಾಗಿ ಬರೆದಿದೆ. ಈ ಮಾತನ್ನು ನಿಮ್ಮ ತಂದೆಯವರಿಗೂ ತಿಳಿಸಿ, ಅವರ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಪ್ರಶ್ನೆ: ರೈಜೆನ್ 5 7600, ಬಿ650 ಬೋರ್ಡ್, ಡಿಡಿಆರ್5 6000 ರ‍್ಯಾಮ್ ಕೊಂಡೆ. ಎಕ್ಸ್‌ಪೊ (ಎಕ್ಸ್‌ಎಂಪಿಯಂತಹದೇ ಎಎಂಡಿಯ ಆಯ್ಕೆ) ಆನ್ ಮಾಡಿದ ಮೇಲೆ ಪರದೆ ಕಪ್ಪಾಗಿದೆ, ಫ್ಯಾನ್ ಮಾತ್ರ ತಿರುಗುತ್ತಿದೆ. ಬೋರ್ಡ್ ಹೋಯಿತೇ?
— ಮೈಸೂರಿನ ಓದುಗರು

ಉತ್ತರ: ಬಹುಶಃ ಇಲ್ಲ, ಗಾಬರಿಯಾಗಬೇಡಿ. ರ‍್ಯಾಮಿನ ವೇಗ ಬದಲಾದಾಗ ನಿಮ್ಮದರಂತಹ ಎಎಂ5 ಬೋರ್ಡುಗಳು ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತವೆ, ಇದಕ್ಕೆ ಹಲವು ನಿಮಿಷ ಹಿಡಿಯುವುದುಂಟು. ಅಷ್ಟರಲ್ಲಿ ಬಟನ್ ಒತ್ತಿ ಆಫ್ ಮಾಡಿದರೆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹದಿನೈದು ನಿಮಿಷ ಕಾದ ಮೇಲೂ ಏನೂ ಬಾರದಿದ್ದರೆ ಪ್ಲಗ್ ತೆಗೆದು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಬೋರ್ಡಿನ ಮೇಲೆ ಕ್ಲಿಯರ್ ಸಿಮೋಸ್ ಎಂದು ಗುರುತಿರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಕೆಲವು ಸೆಕೆಂಡ್ ತಾಗಿಸಿರಿ. ಪಿನ್ನು ಸಿಗದಿದ್ದರೆ ನಾಣ್ಯದಂತಹ ಸಿಆರ್2032 ಬ್ಯಾಟರಿಯನ್ನು ತೆಗೆದು ಐದು ನಿಮಿಷದ ಬಳಿಕ ಹಾಕಿ. ಎಲ್ಲ ಆಯ್ಕೆಗಳೂ ಮೂಲಸ್ಥಿತಿಗೆ ಬರುತ್ತವೆ.

ಯಂತ್ರ ಎದ್ದ ಮೇಲೆ ಎಕ್ಸ್‌ಪೊ ಮತ್ತೆ ಮುಟ್ಟುವ ಮುನ್ನ ಬಯಾಸ್ ಯಾವ ಕಾಲದ್ದೆಂದು ನೋಡಿ. 2023ರ ಏಪ್ರಿಲ್‌ನಲ್ಲಿ ಕೆಲವು ರೈಜೆನ್ 7000 ಪ್ರೊಸೆಸರುಗಳು, ವಿಶೇಷವಾಗಿ ಎಕ್ಸ್3ಡಿ ಮಾದರಿಗಳು, ಸಾಕೆಟ್ಟಿನಲ್ಲೇ ಸುಟ್ಟ ಘಟನೆಗಳು ವರದಿಯಾದವು. ಆನಂತರ ಎಎಂಡಿ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗೆ ರ‍್ಯಾಮ್ ನಿಯಂತ್ರಿಸುವ ಭಾಗಕ್ಕೆ ಹೋಗುವ ವೋಲ್ಟೇಜನ್ನು) 1.3 ವೋಲ್ಟ್‌ಗೆ ಮಿತಿಗೊಳಿಸುವ ಬಯಾಸ್ ಬಿಡುಗಡೆ ಮಾಡಿತು. ಅದಕ್ಕಿಂತ ಹಳೆಯದಿದ್ದರೆ ಮೊದಲು ಅಪ್‌ಡೇಟ್ ಮಾಡಿ. 7600ಕ್ಕೆ ಅಧಿಕೃತ ರ‍್ಯಾಮ್ ವೇಗ 5200. 6000 ಎಂಬುದು ಅದರ ಮೇಲಿನದು. ಆದ್ದರಿಂದ 6000ದಲ್ಲಿ ನಿಲ್ಲದಿದ್ದರೆ 5600ಕ್ಕೆ ಇಳಿಸಿ ನೋಡುವುದು ತಪ್ಪಲ್ಲ.

ಪ್ರಶ್ನೆ: ನಮ್ಮದು ಡಿಟಿಪಿ ಕೇಂದ್ರ. ರಜೆಗೆ ಬಂದ ಮಗ ಯಂತ್ರದ ರ‍್ಯಾಮನ್ನು 3200ರಿಂದ 3800ಕ್ಕೆ ಏರಿಸಿ, ಹತ್ತು ನಿಮಿಷ ಸ್ಟ್ರೆಸ್ ಟೆಸ್ಟ್ ಓಡಿಸಿ ಪಾಸಾಗಿದೆ ಎಂದು ಹೇಳಿ ಹೋದ. ಯಂತ್ರ ಹ್ಯಾಂಗ್ ಆಗಿಲ್ಲ. ಆದರೆ ಈಚೆಗೆ ಕೆಲವು ಜಿಪ್ ಕಡತಗಳು ತೆರೆಯುತ್ತಿಲ್ಲ, ಮದುವೆ ಕಾರ್ಡಿನ ಒಂದು ಪಿಡಿಎಫ್ ಪ್ರಿಂಟರಿಗೆ ಹೋದಾಗ ಚಿತ್ರದ ನಡುವೆ ಬಣ್ಣದ ಪಟ್ಟಿ ಬಂತು. ವೈರಸ್ ಇರಬಹುದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ನೀವು ಬರೆದ ಲಕ್ಷಣಗಳನ್ನು ನೋಡಿದರೆ ರ‍್ಯಾಮಿನ ಮೇಲೆಯೇ ನನ್ನ ಮೊದಲ ಅನುಮಾನ, ಮತ್ತು ಈ ಪತ್ರವನ್ನು ಎಲ್ಲರೂ ಓದಬೇಕೆಂದು ಬಯಸುತ್ತೇನೆ. ಹ್ಯಾಂಗ್ ಆಗುವ ಯಂತ್ರ ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತದೆ. ಹ್ಯಾಂಗ್ ಆಗದೆ ಎಲ್ಲೋ ಒಂದು ಬಿಟ್ಟನ್ನು (0 ಅಥವಾ 1 ಆಗಿರುವ, ಮಾಹಿತಿಯ ಅತಿ ಸಣ್ಣ ತುಣುಕನ್ನು) ತಿರುವುಮುರುವು ಮಾಡಿ ಸುಮ್ಮನಿರುವ ಯಂತ್ರವೇ ಹೆಚ್ಚು ಅಪಾಯಕಾರಿ. ಕಡತವನ್ನು ತೆರೆದಾಗ, ಉಳಿಸಿದಾಗ, ಪೆನ್‌ಡ್ರೈವಿಗೆ ನಕಲು ಮಾಡಿದಾಗ ಅದರ ಪ್ರತಿಯೊಂದು ಬೈಟೂ ರ‍್ಯಾಮಿನ ಮೂಲಕವೇ ಹಾದುಹೋಗುತ್ತದೆ. ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ತಪ್ಪನ್ನು ಕಂಡುಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇರುವುದಿಲ್ಲ. ಹಾಗಾಗಿ ಕೆಟ್ಟ ಬಿಟ್ ಡಿಸ್ಕಿಗೆ ಹೋಗಿ ಕೂರುತ್ತದೆ. ಚಿತ್ರದಲ್ಲಾದರೆ ಪಟ್ಟಿಯಾಗಿ ಕಣ್ಣಿಗೆ ಕಾಣುತ್ತದೆ, ಜಿಪ್‌ನಲ್ಲಾದರೆ ಕಡತವೇ ತೆರೆಯುವುದಿಲ್ಲ, ಲೆಕ್ಕದ ಹಾಳೆಯಲ್ಲಾದರೆ ಯಾರ ಗಮನಕ್ಕೂ ಬಾರದೆ ಉಳಿಯಲೂಬಹುದು.

ಮಗನ ಪರೀಕ್ಷೆ ಸುಳ್ಳೇನಲ್ಲ, ಸಾಲದು ಅಷ್ಟೆ. ಪ್ರೊಸೆಸರನ್ನು ಬಿಸಿ ಮಾಡುವ ಪರೀಕ್ಷೆ ರ‍್ಯಾಮಿನ ಎಲ್ಲ ಮೂಲೆಗಳನ್ನು ಮುಟ್ಟಬೇಕೆಂದಿಲ್ಲ. ಇಂದೇ ಬಯಾಸ್‌ನಲ್ಲಿ ಎಲ್ಲವನ್ನೂ ಮೂಲಸ್ಥಿತಿಗೆ ತನ್ನಿ. ಬಳಿಕ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ, ಅಂಗಡಿ ಮುಚ್ಚಿದ ಮೇಲೆ ನಾಲ್ಕೂ ಸುತ್ತುಗಳನ್ನು ಪೂರ್ತಿ ಓಡಿಸಿ. ಒಂದೇ ಒಂದು ದೋಷ ಕಂಡರೂ ಅದು ಅನುತ್ತೀರ್ಣವೇ. ಮೂಲಸ್ಥಿತಿಯಲ್ಲೂ ದೋಷ ಬಂದರೆ ರ‍್ಯಾಮನ್ನೇ ಬದಲಿಸಬೇಕು. ವಿಂಡೋಸ್‌ನ ಇವೆಂಟ್ ವ್ಯೂವರಿನಲ್ಲಿ ಡಬ್ಲ್ಯುಎಚ್‌ಇಎ ಲಾಗರ್ ಎಂಬ ಹೆಸರಿನ ನಮೂದುಗಳಿವೆಯೇ ನೋಡಿ, ಹಾರ್ಡ್‌ವೇರ್ ಕಂಡುಕೊಂಡ ತಪ್ಪುಗಳು ಅಲ್ಲಿ ದಾಖಲಾಗಿರುತ್ತವೆ.

ರ‍್ಯಾಮ್ ಏರಿಸಿದ ದಿನದ ನಂತರ ಉಳಿಸಿದ ಕಡತಗಳನ್ನು ಹಳೆಯ ಬ್ಯಾಕಪ್ಪಿನ ಮೇಲೆ ದಯವಿಟ್ಟು ನಕಲು ಮಾಡಬೇಡಿ. ಕೆಟ್ಟ ಪ್ರತಿ ಒಳ್ಳೆಯ ಪ್ರತಿಯನ್ನು ನುಂಗಿಬಿಡುತ್ತದೆ. ಜೀವನೋಪಾಯ ನಿಂತಿರುವ ಯಂತ್ರವನ್ನು ಓವರ್‌ಕ್ಲಾಕ್ ಮಾಡಬಾರದೆಂಬುದು ನನ್ನ ನಿಲುವು. ಮಗನಿಗೆ ಕಲಿಯುವ ಆಸೆಯಿದ್ದರೆ ಒಂದು ಹಳೆಯ ಯಂತ್ರವನ್ನು ಬೇರೆಯಾಗಿ ಕೊಡಿ. ಆಸೆ ಒಳ್ಳೆಯದೇ.

ಪ್ರಶ್ನೆ: ಐ5 12600ಕೆ ಮತ್ತು ಝಡ್690 ಬೋರ್ಡ್ ಇದೆ, ದೊಡ್ಡ ಟವರ್ ಕೂಲರ್ ಇದೆ. ಗುಣಕ ಏರಿಸುವ ಕ್ರಮ ಮತ್ತು ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂದರೇನು ಎಂಬುದನ್ನು ತಿಳಿಸಿ. ಅದನ್ನು ಗರಿಷ್ಠಕ್ಕೆ ಇಡಬೇಕೆಂದು ಕೇಳಿದ್ದೇನೆ.
— ತುಮಕೂರಿನ ಓದುಗರು

ಉತ್ತರ: ಗರಿಷ್ಠಕ್ಕೆ ಇಡಬೇಡಿ. ಪ್ರೊಸೆಸರ್ ಭಾರ ಹೊತ್ತಾಗ ಅದಕ್ಕೆ ತಲುಪುವ ವೋಲ್ಟೇಜ್ ಸ್ವಲ್ಪ ಕುಸಿಯುವಂತೆ ಬೋರ್ಡನ್ನು ಬೇಕೆಂದೇ ವಿನ್ಯಾಸ ಮಾಡಿರುತ್ತಾರೆ. ಭಾರ ಥಟ್ಟನೆ ಇಳಿದಾಗ ವೋಲ್ಟೇಜ್ ಕ್ಷಣಕಾಲ ಮೇಲಕ್ಕೆ ಚಿಮ್ಮುತ್ತದೆ, ಮೊದಲೇ ಕುಸಿದಿದ್ದರೆ ಆ ಚಿಮ್ಮುವಿಕೆಯೂ ಮಿತಿಯೊಳಗೇ ಇರುತ್ತದೆ. ಲೋಡ್‌ಲೈನ್ ಕ್ಯಾಲಿಬ್ರೇಷನ್ ಈ ಕುಸಿತವನ್ನು ತಡೆಯುತ್ತದೆ. ಗರಿಷ್ಠಕ್ಕೆ ಇಟ್ಟರೆ ಕುಸಿತವೇ ಇಲ್ಲವಾಗಿ, ನೀವು ಹಾಕಿದ ಅಂಕಿಗಿಂತ ಮೇಲಿನ ವೋಲ್ಟೇಜ್ ಚಿಪ್ಪಿಗೆ ಆಗಾಗ ಬಡಿಯುತ್ತಿರುತ್ತದೆ. ಅದು ಎಷ್ಟು ಕ್ಷಿಪ್ರವೆಂದರೆ ತಂತ್ರಾಂಶದಲ್ಲಿ ಕಾಣುವುದೂ ಇಲ್ಲ. ಮಧ್ಯದ ಹಂತದಲ್ಲಿಟ್ಟು ಮುಂದುವರಿಯಿರಿ. ಮಟ್ಟಗಳ ಎಣಿಕೆ ಕೆಲವು ಕಂಪನಿಗಳ ಬೋರ್ಡಿನಲ್ಲಿ 1ರಿಂದ ಮೇಲಕ್ಕೂ ಕೆಲವದರಲ್ಲಿ ಕೆಳಕ್ಕೂ ಸಾಗುವುದರಿಂದ ಕೈಪಿಡಿಯನ್ನು ನೋಡದೆ ಅಂಕಿ ಆರಿಸಬೇಡಿ.

ಕ್ರಮ ಹೀಗೆ. ನಿಮ್ಮ ಪ್ರೊಸೆಸರಿನಲ್ಲಿ ಆರು ಪಿ ಕೋರ್ (ವೇಗದವು), ನಾಲ್ಕು ಇ ಕೋರ್ (ವಿದ್ಯುತ್ ಉಳಿಸುವವು) ಇವೆ; ಇ ಕೋರ್‌ಗಳನ್ನು ಸದ್ಯಕ್ಕೆ ಮುಟ್ಟದಿರಿ. ಮೂಲಸ್ಥಿತಿಯಲ್ಲಿ ಆರೂ ಪಿ ಕೋರ್‌ಗಳು ಭಾರ ಹೊತ್ತಾಗ ಯಾವ ವೇಗ, ಯಾವ ವೋಲ್ಟೇಜ್ ಕಾಣುತ್ತದೆಯೋ ಅದನ್ನು ಬರೆದುಕೊಂಡು, ವೋಲ್ಟೇಜನ್ನು ಅಲ್ಲೇ ಉಳಿಸಿ ಗುಣಕವನ್ನು ಒಂದೊಂದೇ ಅಂಕ ಏರಿಸಿ. ಪ್ರತಿ ಅಂಕಕ್ಕೂ ಸಿನೆಬೆಂಚ್ ಓಡಿಸಿ, ಎಡವಿದಲ್ಲಿ 10 ಮಿಲಿವೋಲ್ಟ್ ಏರಿಸಿ ಮತ್ತೆ ನೋಡಿ. ಸಿನೆಬೆಂಚಿನಲ್ಲಿ 85 ಡಿಗ್ರಿ ದಾಟಿದರೆ ನಿಲ್ಲಿಸಿ. ಈ ಚಿಪ್ಪಿನ ಮಿತಿ 100 ಡಿಗ್ರಿ ಎಂಬುದು ನಿಜ, ಆದರೆ ನಿತ್ಯ ಅಲ್ಲಿಗೆ ಹೋಗಲು ಅದು ಕೊಟ್ಟ ಪರವಾನಗಿಯಲ್ಲ. ಒಂದು ಹಂತದಲ್ಲಿ ಒಂದೇ ಅಂಕ ಏರಲು 40, 50 ಮಿಲಿವೋಲ್ಟ್ ಬೇಕಾಗುತ್ತದೆ. ಅಲ್ಲಿಂದ ಒಂದಲ್ಲ, ಎರಡು ಅಂಕ ಹಿಂದಕ್ಕೆ ಬನ್ನಿ. ಅಂತಿಮವಾಗಿ ಪ್ರೈಮ್95 ಅಥವಾ ಒಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಕೆಲವು ಗಂಟೆಗಳ ಪರೀಕ್ಷೆ ಮಾಡಿ. ಪ್ರೈಮ್95ರ ಸಣ್ಣ ಎಫ್‌ಎಫ್‌ಟಿ ಪರೀಕ್ಷೆ ನಿತ್ಯದ ಯಾವ ಕೆಲಸಕ್ಕಿಂತಲೂ ಹೆಚ್ಚು ಶಾಖ ಹುಟ್ಟಿಸುವುದರಿಂದ ಮೊದಲ ಹತ್ತು ನಿಮಿಷ ಎದುರಿನಲ್ಲೇ ಕುಳಿತು ಉಷ್ಣತೆ ನೋಡುತ್ತಿರಿ.

ಪ್ರಶ್ನೆ: ನನ್ನ ಐ5 12400, ಎಚ್610 ಬೋರ್ಡಿನ ಬಯಾಸ್‌ನಲ್ಲಿ ಗುಣಕದ ಆಯ್ಕೆಯೇ ಕಾಣುತ್ತಿಲ್ಲ.
— ಶಿವಮೊಗ್ಗದ ಓದುಗರು

ಉತ್ತರ: ಕಾಣುವುದೂ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಮತ್ತು ಝಡ್ ಸರಣಿಯ ಬೋರ್ಡ್ ಎರಡೂ ಸೇರಿದರೆ ಮಾತ್ರ ಗುಣಕ ತೆರೆಯುತ್ತದೆ. ಎಎಂಡಿಯಲ್ಲಿ ಬಹುತೇಕ ರೈಜೆನ್‌ಗಳು ತೆರೆದೇ ಇರುತ್ತವೆ, ಆದರೆ ಎ320, ಎ520 ಬೋರ್ಡುಗಳು ಅವಕಾಶ ಕೊಡುವುದಿಲ್ಲ. ನಿಮ್ಮ ಪ್ರೊಸೆಸರ್ 3200 ವೇಗದ ಡಿಡಿಆರ್4 ರ‍್ಯಾಮನ್ನು ಅಧಿಕೃತವಾಗಿಯೇ ಒಪ್ಪುತ್ತದೆ. ರ‍್ಯಾಮ್ ಆ ವೇಗದಲ್ಲಿದೆಯೇ, ಎರಡು ಚಾನೆಲ್‌ಗಳಲ್ಲಿದೆಯೇ (ಅಂದರೆ ಎರಡು ರ‍್ಯಾಮ್‌ಗಳು ಸರಿಯಾದ ಸ್ಲಾಟುಗಳಲ್ಲಿವೆಯೇ) ನೋಡಿಕೊಂಡರೆ ಸಾಕು.

ಪ್ರಶ್ನೆ: ತೊಂಬತ್ತರ ದಶಕದ ಕೊನೆಯಲ್ಲಿ ನಾವು ಪ್ರೊಸೆಸರಿನ ವೇಗವನ್ನು ಒಂದೂವರೆ ಪಟ್ಟು ಏರಿಸುತ್ತಿದ್ದೆವು. ಈಗ ಶೇ 5 ಸಿಕ್ಕರೆ ಸಂಭ್ರಮಿಸುತ್ತಾರೆ. ಏಕೆ?
— ಧಾರವಾಡದ ನಿವೃತ್ತ ಶಿಕ್ಷಕರು

ಉತ್ತರ: ನೀವು ನೆನಪಿಸಿಕೊಳ್ಳುತ್ತಿರುವುದು ಬಹುಶಃ 1998ರ ಸೆಲೆರಾನ್ 300ಎ. ಅದರ ಗುಣಕ 4.5ಕ್ಕೆ ಬಿಗಿದಿತ್ತು, ಬಸ್ಸಿನ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಮಾರ್ಗದ) ವೇಗ 66 ಮೆಗಾಹರ್ಟ್ಸ್ ಇತ್ತು. ಬಸ್ಸನ್ನು 100ಕ್ಕೆ ಏರಿಸಿದೊಡನೆ 300 ಇದ್ದದ್ದು 450 ಆಗುತ್ತಿತ್ತು. ಪೆಂಟಿಯಂ 2ರ ದುಬಾರಿ ಮಾದರಿಯ ವೇಗ ಅಗ್ಗದ ಚಿಪ್ಪಿನಲ್ಲಿ ಸಿಗುತ್ತಿದ್ದುದರಿಂದ ಅದು ಮನೆಮಾತಾಯಿತು. ಆ ಕಾಲದಲ್ಲಿ ತಯಾರಕರು ಎಲ್ಲ ಚಿಪ್‌ಗಳೂ ಸುಲಭವಾಗಿ ದಾಟಬಲ್ಲ ಒಂದು ಕೆಳಗಿನ ವೇಗವನ್ನು ಮುದ್ರಿಸಿ ಮಾರುತ್ತಿದ್ದರು, ಉಳಿದ ಶಕ್ತಿ ಗ್ರಾಹಕರ ಪಾಲಿಗಿತ್ತು. 2008ರಲ್ಲಿ ಇಂಟೆಲ್ ಟರ್ಬೊ ಬೂಸ್ಟ್ ತಂದ ಮೇಲೆ ಪ್ರೊಸೆಸರ್ ತನ್ನ ಉಷ್ಣತೆಯನ್ನೂ ಕರೆಂಟನ್ನೂ ತಾನೇ ಅಳೆದು, ಆ ಕ್ಷಣಕ್ಕೆ ಸಾಧ್ಯವಾದ ವೇಗಕ್ಕೆ ಏರತೊಡಗಿತು. ಇಂದಿನ ಬೂಸ್ಟ್ ವ್ಯವಸ್ಥೆಗಳು ಈ ಕೆಲಸವನ್ನು ಸೆಕೆಂಡಿಗೆ ಎಷ್ಟೋ ಬಾರಿ ಮಾಡುತ್ತವೆ. ಓವರ್‌ಕ್ಲಾಕಿಂಗಿನ ಬಹುಭಾಗವನ್ನು ಕಾರ್ಖಾನೆಯೇ ಮಾಡಿ ಕಳಿಸುತ್ತಿದೆ ಎಂದರೆ ತಪ್ಪಾಗದು. ನಮಗೆ ಉಳಿದಿರುವುದು ಪ್ರತಿ ಚಿಪ್ಪಿಗೂ ಸುರಕ್ಷತೆಗಾಗಿ ಅವರು ಸೇರಿಸಿದ ಒಂದಿಷ್ಟು ಹೆಚ್ಚುವರಿ ವೋಲ್ಟೇಜ್ ಮಾತ್ರ. ಅದಕ್ಕಾಗಿಯೇ ಈಗಿನ ಕೌಶಲವೆಲ್ಲ ವೋಲ್ಟೇಜ್ ಇಳಿಸುವುದರ ಕಡೆಗೆ ತಿರುಗಿದೆ.

ಪ್ರಶ್ನೆ: ಎಸ್‌ಪಿ ರಸ್ತೆಯಲ್ಲಿ ಬಳಸಿದ ಐ7 13700ಕೆ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಂಡು ಓವರ್‌ಕ್ಲಾಕಿಂಗ್ ಕಲಿಯಬಹುದೇ? ಆ ಪೀಳಿಗೆಯಲ್ಲಿ ತೊಂದರೆ ಇತ್ತೆಂದು ಕೇಳಿದ್ದೇನೆ.
— ಬೆಂಗಳೂರಿನ ಓದುಗರು

ಉತ್ತರ: ಕಲಿಕೆಗೆ ಈ ಚಿಪ್ ಬೇಡ. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹಲವು, ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ ಅಸ್ಥಿರವಾದವು. ಪ್ರೊಸೆಸರ್ ತಾನೇ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳಿ, ಒಳಗಿನ ಗಡಿಯಾರದ ಮಂಡಲ ಸವೆದು, ಸ್ಥಿರವಾಗಿ ಓಡಲು ಬೇಕಾದ ಕನಿಷ್ಠ ವೋಲ್ಟೇಜೇ ಮೇಲಕ್ಕೆ ಸರಿಯುತ್ತಿತ್ತು. ಇಂಟೆಲ್ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇದನ್ನು ತಡೆಯುವ ಮೈಕ್ರೊಕೋಡನ್ನು (ಪ್ರೊಸೆಸರಿನೊಳಗೇ ಓಡುವ ನಿಯಂತ್ರಣ ಸೂಚನೆಗಳನ್ನು) ಬಯಾಸ್ ಅಪ್‌ಡೇಟ್ ಮೂಲಕ ಬಿಡುಗಡೆ ಮಾಡಿತು, ಬಾಧಿತ ಮಾದರಿಗಳಿಗೆ ಮೂರು ವರ್ಷದ ವಾರಂಟಿಯ ಮೇಲೆ ಇನ್ನೆರಡು ವರ್ಷ ಕೊಟ್ಟಿತು. ಆದರೆ ಈಗಾಗಲೇ ಸವೆದ ಚಿಪ್ಪನ್ನು ಮೈಕ್ರೊಕೋಡ್ ಮೊದಲಿನಂತೆ ಮಾಡಲಾರದು, ಮತ್ತು ಹಿಂದಿನ ಮಾಲೀಕರು ಹಳೆಯ ಬಯಾಸ್‌ನಲ್ಲಿ ಅದನ್ನು ಎಷ್ಟು ಕಾಲ ಓಡಿಸಿದ್ದಾರೆಂದು ಹೊರಗಿನಿಂದ ತಿಳಿಯುವ ಉಪಾಯವಿಲ್ಲ.

ಬೆಲೆ ಬಹಳ ಇಳಿದಿದ್ದು ಕೊಳ್ಳಲೇಬೇಕೆಂದಿದ್ದರೆ ಮೂಲ ಬಿಲ್ಲು, ಡಬ್ಬಿ ಹಾಗೂ ಕ್ರಮಸಂಖ್ಯೆ ಇರುವುದನ್ನೇ ಕೇಳಿ ಪಡೆಯಿರಿ, ಉಳಿದ ವಾರಂಟಿಯನ್ನು ಕ್ರಮಸಂಖ್ಯೆಯಿಂದ ಇಂಟೆಲ್‌ನ ತಾಣದಲ್ಲಿ ಪರಿಶೀಲಿಸಿ. ಅಂಗಡಿಯಲ್ಲೇ ಹೊಸ ಬಯಾಸ್ ಇರುವ ಬೋರ್ಡಿಗೆ ಹಾಕಿಸಿ, ಎಲ್ಲ ಆಯ್ಕೆಗಳನ್ನೂ ಇಂಟೆಲ್ ಸೂಚಿಸಿದ ಮೂಲಸ್ಥಿತಿಯಲ್ಲಿಟ್ಟು ಸಿನೆಬೆಂಚನ್ನು ಅರ್ಧ ಗಂಟೆ ಓಡಿಸಲು ಹೇಳಿ, ಜೊತೆಗೆ ಒಂದು ದೊಡ್ಡ ಜಿಪ್ ಕಡತವನ್ನು ನಾಲ್ಕಾರು ಬಾರಿ ಬಿಚ್ಚಿಸಿ ನೋಡಿ. ಈ ದೋಷವಿರುವ ಚಿಪ್‌ಗಳು ಸಂಕುಚಿತ ಕಡತಗಳನ್ನು ಬಿಚ್ಚುವಾಗಲೇ ಹೆಚ್ಚಾಗಿ ಸಿಕ್ಕಿಬಿದ್ದಿವೆ. ಅಂಗಡಿಯವರು ಈ ಪರೀಕ್ಷೆಗೆ ಒಪ್ಪದಿದ್ದರೆ ಆ ಚಿಪ್ಪನ್ನು ಕೊಳ್ಳಬೇಡಿ. ಅದೇ ಹಣದಲ್ಲಿ ತುಮಕೂರಿನ ಓದುಗರ ಬಳಿಯಿರುವಂತಹ 12600ಕೆ ಸಿಕ್ಕರೆ ತೆಗೆದುಕೊಳ್ಳಿ. 12ನೇ ಪೀಳಿಗೆಗೆ ಈ ತೊಂದರೆ ಇರಲಿಲ್ಲ.